ಗೊಬ್ಬರದ ಚೀಲದ ಕೋಟು

ಆ ದಿನ ಸಿಂದಗಿಯಲ್ಲಿ ಮಳೆ ಬಂದಿತ್ತೋ ಇಲ್ಲವೋ ಮೊನ್ನೆಮೊನ್ನೆಯ ತನಕ ನನಗೆ ಖಚಿತವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೈಮೇಲೆ ನೀರು ಬಿದ್ದದ್ದು ಮಾತ್ರ ನಿಜ. ನೀರು ತಣ್ಣಗಿತ್ತು, ಎಡಗಡೆಯಿಂದ ಬಂತು, ಒಮ್ಮೆಲೇ ಬಂತು. ಅದು ಮುಗಿಲಿನಿಂದ ಬಂದದ್ದೋ ಕೊಡದಿಂದ ಬಂದದ್ದೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಒಂದರಲ್ಲಿ ನಾನೊಬ್ಬನೇ. ಇನ್ನೊಂದರಲ್ಲಿ ಉಳಿದವರೆಲ್ಲ. ಎಷ್ಟೋ ವರ್ಷ ಒಬ್ಬನೇ ಒಂದು ಪಕ್ಷದಲ್ಲಿ ಕುಳಿತರೆ ಮನುಷ್ಯನಿಗೆ ತನ್ನ ಮೇಲೆಯೇ ಸಂಶಯ ಬರುತ್ತದೆ. ಅದರಲ್ಲೂ ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಬಂದವನು. ಸಂಶಯಪಡುವುದನ್ನು ಎರಡು ವರ್ಷ ಕ್ರಮವಾಗಿ ಕಲಿತಿದ್ದೇನೆ.

ಇದೆಲ್ಲ ಮತ್ತೆ ನೆನಪಾದದ್ದು ಕಳೆದ ತಿಂಗಳು ವಿಜಾಪುರದ ಒಂದು ಆಟೋಟದ ಸಾಮಾನಿನ ಅಂಗಡಿಯಲ್ಲಿ. ಬೆಳಗಿನ ವಾಕಿಂಗಿಗೆಂದು ಮಳೆಯ ಜಾಕೆಟ್ ನೋಡಲು ಹೋಗಿದ್ದೆ. ಅಂಗಡಿಯ ಒಡತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಡ್ಯಾಕೇನ್ರಿ ಕಾಕಾ, ಓಡಾಕೇನ್ರಿ?" ಎಂದು ಕೇಳಿದಳು. "ಓಡಾಕ" ಎಂದೆ. ಈ ವಯಸ್ಸಿನಲ್ಲಿ ಇಂಥ ಸಣ್ಣ ಸುಳ್ಳುಗಳೇ ಮೈಗೆ ಉಲ್ಲಾಸ ಕೊಡುವುದು. ಆಕೆ ನಗದೆ ಒಂದು ನೀಲಿ ಜಾಕೆಟ್ ತೆಗೆದು ನನ್ನ ಅಂಗೈ ಮೇಲಿಟ್ಟಳು. ಮಡಚಿದ ಕರವಸ್ತ್ರದಷ್ಟು ಹಗುರ. "ಹಾಕ್ಕೊಂಡಿದ್ದ ಗೊತ್ತ ಆಗೂದಿಲ್ರಿ. ಮೈ ಉಸರಾಡತೈತಿ, ನೀರ ಮಾತ್ರ ಒಳಗ ಹೋಗೂದಿಲ್ಲ. ತೋರಸ್ತೇನಿ, ನೋಡ್ರಿ" ಎಂದು ಪಕ್ಕದಲ್ಲಿದ್ದ ನೀರಿನ ಬಾಟಲಿ ಎತ್ತಿದಳು.

ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಹಾರಿದ್ದಷ್ಟೇ ಅಲ್ಲ, ಅಂಗಡಿಯ ಬಾಗಿಲ ಕಡೆಗೆ ಮೂರನೆಯ ಹೆಜ್ಜೆಯನ್ನೂ ಇಟ್ಟಿದ್ದೆ. ಹೆಣ್ಣುಮಗಳೊಬ್ಬಳು ನನ್ನ ಎದುರಿಗೆ ನೀರಿನ ಪಾತ್ರೆ ಎತ್ತಿದರೆ ನನ್ನ ಕಾಲುಗಳು ನನ್ನನ್ನು ಕೇಳದೆ ಓಡತೊಡಗುತ್ತವೆ. ಮದುವೆಯಾದ ಹೊಸದರಲ್ಲಿ ಹೆಂಡತಿ ತುಳಸಿಗೆ ನೀರು ಹಾಕಲು ತಂಬಿಗೆ ಎತ್ತಿದಾಗ ನಾನು ಹಿತ್ತಿಲ ಗೋಡೆಯ ತನಕ ಓಡಿದ್ದೆನಂತೆ. ಅವಳು ಹೇಳುವ ಮಾತು. ಗೋಡೆಯ ತನಕ ಎಂಬುದು ಉತ್ಪ್ರೇಕ್ಷೆ ಇರಬೇಕು.

"ಅಂಜಬ್ಯಾಡ್ರಿ, ಜಾಕೀಟಿನ ಮ್ಯಾಲ ಹಾಕ್ತೇನಿ, ನಿಮ್ಮ ಮ್ಯಾಲ ಅಲ್ಲ" ಎಂದಳು ಒಡತಿ.

ಅಂಜಿದ್ದಲ್ಲ, ತಾಯಿ. ಇದರಿಂದಲೇ ನನಗೆ ಅನ್ನ ಸಿಕ್ಕದ್ದು ಎಂದು ಹೇಳಬೇಕೆನಿಸಿತು. ಆದರೆ ಅಂಗಡಿಯಲ್ಲಿ ನಿಂತು ಹೇಳುವ ಕಥೆಯಲ್ಲ ಅದು. ನಿಮಗಾದರೆ ಹೇಳಬಹುದು, ಕುಳಿತೇ ಓದುತ್ತಿರುತ್ತೀರಿ.

ನಮ್ಮೂರು ಬಸವನ ಬಾಗೇವಾಡಿ. ಏಳು ವರ್ಷದವನಿದ್ದಾಗ ಒಮ್ಮೆ ಮಳೆಯಲ್ಲಿ ತೊಯ್ದು ಬಂದು ಉಬ್ಬಸದ ದಮ್ಮು ಹತ್ತಿ ಒಂದು ತಿಂಗಳು ಮಲಗಿದ್ದೆನಂತೆ. ಆಗಿನಿಂದ ನಮ್ಮವ್ವನ ಪಾಲಿಗೆ ಜಗತ್ತಿನಲ್ಲಿ ಒಂದೇ ಶತ್ರು, ಮಳೆ. ನಮ್ಮ ಸೀಮೆಯಲ್ಲಿ ಮಳೆಯನ್ನು ಬೇಡುವವರೇ ಎಲ್ಲ. ಬೇಡವೆನ್ನುತ್ತಿದ್ದವಳು ಇವಳೊಬ್ಬಳೇ ಇರಬೇಕು. ಪಡುವಣದಲ್ಲಿ ಅಂಗೈಯಷ್ಟು ಮೋಡ ಕಂಡರೂ ಸಾಕು, ಓಣಿಯ ತುದಿಗೆ ಬಂದು ನಿಂತು ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಆ ಕೂಗು ಕೇಳಿದ ಕೂಡಲೇ ನೆರೆಯ ಹೆಂಗಸರು ಮಾಳಿಗೆಯ ಮೇಲೆ ಒಣಹಾಕಿದ ಕಾಳುಕಡಿ ಒಳಗೆ ತರುತ್ತಿದ್ದರು. ಓಣಿಗೆ ಹವಾಮಾನದ ಸುದ್ದಿ ರೇಡಿಯೋಕ್ಕಿಂತ ಮೊದಲು ಸಿಗುತ್ತಿದ್ದದ್ದು ಹೀಗೆ. ಉಳಿದ ಮಕ್ಕಳು ಮಳೆಯಲ್ಲಿ ಕುಣಿಯುವಾಗ ನಾನು ಕೌದಿ ಹೊದ್ದು, ಎದೆಗೆ ಬಿಸಿ ಎಣ್ಣೆ ಹಚ್ಚಿಸಿಕೊಂಡು ಕಿಟಕಿಯಲ್ಲಿ ಕೂಡುತ್ತಿದ್ದೆ. ಒಮ್ಮೆ ಕಂಬಿಗಳ ನಡುವೆ ಒಂದು ಕೈ ಹೊರಗೆ ಚಾಚಿದ್ದೆ. ಅವ್ವ ಆ ಒಂದು ಕೈಯನ್ನೇ ಒರೆಸಿ, ಅದಕ್ಕೊಂದು ಕಾಲುಚೀಲ ತೊಡಿಸಿದಳು.

ಅಪ್ಪ ನಾನು ಕಾಲೇಜಿನಲ್ಲಿದ್ದಾಗಲೇ ಹೋದ. ಅವ್ವ ಊರಿನ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ನನ್ನನ್ನು ಧಾರವಾಡದಲ್ಲಿ ಓದಿಸಿದಳು. ಅಲ್ಲಿ ನಮ್ಮ ಗುರುಗಳು ಮೇಜು ಕುಟ್ಟಿ, "ಈ ಮೇಜು ಇದೆಯೆಂದು ನಿಮಗೆ ಹೇಗೆ ಗೊತ್ತು?" ಎಂದು ಕೇಳುತ್ತಿದ್ದರು. ನಾನು ಊರಿಗೆ ಬಂದು ಅದೇ ಉತ್ಸಾಹದಲ್ಲಿ, "ಅವ್ವಾ, ಈ ತಾಟಿನ್ಯಾಗ ರೊಟ್ಟಿ ಐತಿ ಅಂತ ನಿನಗ ಹ್ಯಾಂಗ ಗೊತ್ತು?" ಎಂದೆ. ಅವ್ವ ರೊಟ್ಟಿ ಎತ್ತಿ ಒಳಗಿಟ್ಟು, "ಈಗ ಇಲ್ಲ ಅಂತ ನಿನಗ ಗೊತ್ತಾತಲ್ಲ, ಎದ್ದ ಕೈ ತೊಳಕೊ" ಎಂದಳು. ತತ್ವಶಾಸ್ತ್ರದಲ್ಲಿ ನನಗೆ ಸಿಕ್ಕ ಮೊದಲ ಸೋಲು.

ಎರಡನೆಯದು, ಕೆಲಸ ಸಿಗದೇ ಹೋದದ್ದು. ತತ್ವಶಾಸ್ತ್ರದ ಮಾಸ್ತರು ಯಾವ ಊರಿಗೂ ಬೇಕಾಗಿರಲಿಲ್ಲ. ಮುದ್ದೇಬಿಹಾಳದಲ್ಲಿದ್ದ ನಮ್ಮಕ್ಕನ ಗಂಡ ಒಂದು ದಾರಿ ತೋರಿಸಿದ. ನಾವು ಅವನನ್ನು ಮಾಮಾ ಎನ್ನುತ್ತಿದ್ದೆವು. ತಾಲೂಕು ಕಚೇರಿಯಲ್ಲಿ ಗುಮಾಸ್ತ. "ಸಂಶೆ ಪಟ್ರ ಪಗಾರ ಕೊಡೋ ನೌಕರಿ ಒಂದ ಐತಿ ನೋಡಪಾ, ಫೌಜದಾರಕಿ" ಎಂದ. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದೆ. ಲಿಖಿತ ಪರೀಕ್ಷೆ ಸುಲಭವಾಗಿ ದಾಟಿದೆ. ಒಂದು ಮೈಲಿ ಓಟವಿತ್ತು, ಅದರಲ್ಲಿ ಕೆಲವೇ ಸೆಕೆಂಡುಗಳಿಂದ ಬಿದ್ದೆ. ಮರುವರ್ಷ ಮತ್ತೆ ಕರೆ ಬಂತು. ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯದು. ಅದು ತಪ್ಪಿದರೆ ಅವ್ವ ರೊಟ್ಟಿ ಬಡಿಯುವುದು ನಿಲ್ಲುವಂತಿರಲಿಲ್ಲ. ಕರೆಯೋಲೆಯ ಕೆಳಗೆ ಒಂದು ಸಾಲು: ಮಳೆಯ ಕಾರಣದಿಂದ ಓಟವನ್ನು ಮುಂದೂಡಲಾಗುವುದಿಲ್ಲ.

ನಮ್ಮ ಸೀಮೆಯ ಗುರುತಿದ್ದ ಯಾರೂ ಆ ಸಾಲು ಬರೆದಿರಲಾರರು. ಮಾಮಾ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವ ನಗಲಿಲ್ಲ. "ಮೈಮ್ಯಾಲ ಒಂದ ಹನಿ ಬಿದ್ರೂ ಓಡೂದು ಬ್ಯಾಡ. ನೌಕರಿ ಹೋದ್ರ ಹೋಗ್ಲಿ, ಜೀವ ಮುಖ್ಯ. ಮಳಿಗೆ ಏನರ ಹಾಕ್ಕೊಂಡು ಓಡತಿದ್ರ ಓಡು, ಇಲ್ಲಾಂದ್ರ ಇಲ್ಲೇ ಕುಂದ್ರು" ಎಂದಳು. ನಾನು ಅವಳ ಕಾಲು ಮುಟ್ಟಿ ಮಾತು ಕೊಟ್ಟೆ. ಓಡಲು ಬರುವಂಥ ಹಗುರವಾದ ಮಳೆಯಂಗಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂದದ್ದು ಹೀಗೆ.

ಮೊದಲು ಸಿಕ್ಕದ್ದು ಬಾಗೇವಾಡಿಯ ದೊಡ್ಡಪ್ಪನ ರಬ್ಬರಿನ ರೇನ್‌ಕೋಟು. ಅದನ್ನು ಅವನು ಸೊಲ್ಲಾಪುರದಲ್ಲಿ ಕೊಂಡು ಹದಿನಾಲ್ಕು ವರ್ಷವಾಗಿತ್ತು, ಎರಡು ಸಲ ಹಾಕಿದ್ದ. ಗೂಟದಿಂದ ತೆಗೆದು ನೆಲಕ್ಕೆ ಬಿಟ್ಟರೆ ಅದು ಬೀಳದೆ ತಾನೇ ನಿಂತಿತು. ನನಗೆ ಹಾಗೆ ನೆನಪು. ಈಗ ಯೋಚಿಸಿದರೆ ಕೋಟು ನಿಲ್ಲುವುದು ಅಸಾಧ್ಯ, ಗೋಡೆಗೆ ಒರಗಿರಬೇಕು. ಅದನ್ನು ತೊಟ್ಟು ಮುದ್ದೇಬಿಹಾಳದ ತಾಳಿಕೋಟಿ ರಸ್ತೆಯಲ್ಲಿ ಓಡಿದೆ. ಅಭ್ಯಾಸಕ್ಕೆಂದು ಅಕ್ಕನ ಮನೆಯಲ್ಲೇ ಇದ್ದೆ, ಮಾಮಾನ ಕೈಯಲ್ಲಿ ಗಡಿಯಾರ ಇತ್ತಲ್ಲ. ಹೆಜ್ಜೆಹೆಜ್ಜೆಗೂ ಕೋಟು ಫಟಾರ್ ಫಟಾರ್ ಎಂದು ಮೊಳಕಾಲಿಗೆ ಬಡಿಯುತ್ತಿತ್ತು. ನಾಯಿಗಳು ಬೆನ್ನು ಹತ್ತಿದವು. ಮರಳಿ ಬಂದಾಗ ಮುಗಿಲಿನಲ್ಲಿ ಮೋಡವಿರಲಿಲ್ಲ, ನಾನು ಮಾತ್ರ ಒಳಗೆ ಪೂರ್ತಿ ತೊಯ್ದಿದ್ದೆ.

"ಮಾಮಾ, ಮಳ್ಯಾಗ ಹೆಚ್ಚು ತೋಯ್ತೇನೋ ಬೆವರಿನ್ಯಾಗ ಹೆಚ್ಚು ತೋಯ್ತೇನೋ ಅಳದ ನೋಡಬೇಕು. ನಿನ್ನ ಮಳಿ ಅಳಿಯೋ ಗ್ಲಾಸ ಕೊಡು. ಬನಿಯನ್ ಹಿಂಡಿ ನೋಡತೇನಿ."

ಕಚೇರಿಯ ಅಂಗಳದಲ್ಲಿ ಮಳೆಮಾಪಕವಿತ್ತು. ದಿನಾಲು ಮುಂಜಾನೆ ಅದನ್ನು ನೋಡಿ ರಜಿಸ್ಟರಿನಲ್ಲಿ ಬರೆಯುವುದು ಮಾಮಾನ ಕೆಲಸ. ವರ್ಷದ ಹೆಚ್ಚಿನ ದಿನ ಬರೆಯುವುದು ಸೊನ್ನೆಯೇ. ಆದರೂ ಆ ಸೊನ್ನೆಯನ್ನು ಅವನು ಸ್ನಾನ ಮಾಡಿ ಬಂದು ಬರೆಯುತ್ತಿದ್ದ. ನನ್ನ ಮಾತು ಕೇಳಿ ಅವನ ಮುಖ ಕೆಂಪಾಯಿತು.

"ಅದು ಸರಕಾರಿ ಗ್ಲಾಸ! ಮಳಿಗಿ ಅಂತ ಇಟ್ಟಿದ್ದು. ಅದರಾಗ ನಿನ್ನ ಬೆವರ ಹಾಕ್ತೀಯೇನಲೇ? ಮ್ಯಾಲಿನವ್ರು ಕೇಳಿದ್ರ ಏನ ಅಂತ ಬರೀಲಿ, ಹೆಂಡತಿ ತಮ್ಮನ ಬೆವರಂತ ಬರೀಲೇನ?"

ಅಂತೂ ರಬ್ಬರು ಹೋಯಿತು. ಕುರಿ ಕಾಯುವವರು ತಲೆಯ ಮೇಲಿಂದ ಹೊದೆಯುವ ಕಂಬಳಿಯ ಕೊಪ್ಪೆ ನೋಡಿದೆ. ನಮ್ಮ ಕಡೆ ಮಳೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕುರಿ ಕಾಯುವವನು ನಿಂತಿರುತ್ತಾನೆ, ನಾನು ಓಡಬೇಕು. ಆಗ ಯಾರೋ ಇಂಡಿ ಊರಿನ ದರ್ಜಿ ಮೈಬೂಬಸಾಬರ ಹೆಸರು ಹೇಳಿದರು. ರೇಡಿಯೋ, ತಬಲಾ, ಸೈಕಲ್ ಸೀಟುಗಳಿಗೆ ಪ್ಲಾಸ್ಟಿಕ್ಕಿನ ಗವಸು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದರು. ಬಸ್ಸು ಹತ್ತಿ ಇಂಡಿಗೆ ಹೋದೆ.

ಮೈಬೂಬಸಾಬರು ಕನ್ನಡಕದ ಮೇಲಿಂದ ನೋಡಿ, "ಎದಕ್ಕ ಗವಸು?" ಎಂದರು.

"ನನಗರಿ."

"ನಿಮಗಾ? ಯಾಕ, ಧೂಳ ಕುಂದರತೈತೇನ್ರಿ?"

ವಿಷಯ ಹೇಳಿದೆ. ಅವರು ಗಂಭೀರವಾಗಿ ಕೇಳಿ, "ಜೀವ ಇದ್ದದ್ದಕ್ಕ ನಾ ಇನ್ನೂತನಕ ಗವಸ ಮಾಡಿಲ್ರಿ. ರೇಡಿಯೋ ಅಂದ್ರ ಸುಮ್ಮ ಕುಂದರತೈತಿ, ನೀವು ಓಡಾವ್ರು. ಮಾಡೂಣಂತ" ಎಂದು ಯೂರಿಯಾ ಗೊಬ್ಬರದ ಎರಡು ಚೀಲ ತಂದರು. ಹೊರಗಿನ ಗೋಣಿಯನ್ನು ಬಿಟ್ಟು ಒಳಗಿನ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಹೊರಗೆಳೆದರು. ತೊಳೆದು ಒರೆಸಿದ ಮೇಲೆ ಅದು ಈರುಳ್ಳಿಯ ಪೊರೆಯ ಹಾಗೆ ಹೊಳೆಯಿತು.

ನಾನು ಸುಮ್ಮನಿರಬೇಕಿತ್ತು. ಓದಿದವನಲ್ಲವೇ? "ಹೊಲದ್ರ ಸೂಜಿ ಹೋದಲ್ಲೆಲ್ಲ ತೂತ ಬೀಳತಾವ್ರಿ, ಅಲ್ಲಿಂದ ನೀರ ಬರತೈತಿ" ಎಂದೆ. ಮೈಬೂಬಸಾಬರು ಮೂವತ್ತು ವರ್ಷದ ತಮ್ಮ ಮಷೀನನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. "ಹಂಗಾದ್ರ ಸೂಜೀನ ಬ್ಯಾಡ, ಇಸ್ತ್ರಿ ಹಾಕೂಣು" ಎಂದು ಕೆಂಡದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡರು. ಮೊದಲ ತೋಳು ಇಸ್ತ್ರಿಗೇ ಅಂಟಿ ಹೋಗಿ, ಅಂಗಡಿಯಲ್ಲಿ ಕೆಟ್ಟ ಹೊಗೆ ಎದ್ದು, ಎದುರಿನ ಚಹಾದಂಗಡಿಯವನು ಕೊಡ ಹಿಡಿದು ಓಡಿ ಬಂದ. ಎರಡನೆಯ ತೋಳಿಗೆ ನಡುವೆ ಹಳೆಯ ಪತ್ರಿಕೆಯ ಹಾಳೆ ಇಟ್ಟು ಒತ್ತಿದರು. ಅಂಚುಗಳು ಒಂದಕ್ಕೊಂದು ಬೆಸೆದವು. ಎಳೆದರೂ ಬಿಡಲಿಲ್ಲ. ಮಣಿಕಟ್ಟಿಗೆ ಸೈಕಲ್ ಟ್ಯೂಬು ಕತ್ತರಿಸಿದ ರಬ್ಬರಿನ ಬಳೆ, ಸೊಂಟಕ್ಕೆ ಅದೇ ಟ್ಯೂಬಿನ ಪಟ್ಟಿ. ಟೊಪ್ಪಿಗೆ ಮಾತ್ರ ಮೇಲೆ ಚಪ್ಪಟೆಯಾಗಿ, ನಾಲ್ಕು ಮೂಲೆಯಾಗಿ ಬಂತು.

"ಇದ್ಯಾಕ್ರಿ ಹಿಂಗ ಹಲಗಿ ಇಟ್ಟಂಗ ಐತಿ?"

"ನನ್ನ ಕೈಗೆ ಬರೂದು ರೇಡಿಯೋದ ತಲೀರಿ. ನಿಮ್ಮ ತಲೀ ಹೊಂದಸ್ಕೋರಿ."

ಮೇಜಿನ ಮೇಲಿಟ್ಟು ಅವರು ಒಮ್ಮೆ ಊದಿದರು. ಕೋಟು ಎದ್ದು ಗಾಳಿಯಲ್ಲಿ ಅರ್ಧ ತಿರುಗಿ ನನ್ನ ತೊಡೆಯ ಮೇಲೆ ಬಂದು ಬಿತ್ತು. ಅಷ್ಟು ಹಗುರ. ಕಳೆದ ತಿಂಗಳ ನೀಲಿ ಜಾಕೆಟ್ಟೂ ಅದರ ಮುಂದೆ ಭಾರವೇ.

ಆ ವರ್ಷ ರೋಹಿಣಿ ಮಳೆ ಕೈಕೊಟ್ಟಿತ್ತು. ಮಿರಗ, ಅಂದರೆ ಮೃಗಶಿರಾ ಮಳೆಯ ದಿನಗಳೂ ಅರ್ಧ ಮುಗಿದಿದ್ದವು. ಮಳೆಯೇ ಇಲ್ಲದಿರುವಾಗ ಮಳೆಯಂಗಿ ಯಾಕೆ ಎಂದು ನೀವು ಕೇಳಬಹುದು, ಅಕ್ಕನೂ ಕೇಳಿದಳು. ನನ್ನ ವಾದ ಹೀಗಿತ್ತು: ಪರೀಕ್ಷೆಯ ದಿನ ಇದನ್ನು ತೊಟ್ಟು ಓಡಬೇಕಾದರೆ ಅಭ್ಯಾಸವೂ ಇದನ್ನು ತೊಟ್ಟೇ ಆಗಬೇಕು. ಮಾರನೆಯ ದಿನ ಮುಂಜಾನೆ, ಬಿಸಿಲು ಏರುತ್ತಿದ್ದಾಗ, ಚಡ್ಡಿ, ಬರಿಗಾಲು, ಮೇಲೆ ಗೊಬ್ಬರದ ಚೀಲದ ಕೋಟು ತೊಟ್ಟು ಮುದ್ದೇಬಿಹಾಳದ ಓಣಿಯಲ್ಲಿ ಓಡಿದೆ.

ಮಳೆ ತಡವಾದಾಗ ನಮ್ಮ ಕಡೆ ಗುರ್ಜಿ ಹೊರಡುತ್ತದೆ. ಒಬ್ಬನು ಬರಿಮೈಯಲ್ಲಿ, ತಲೆಯ ಮೇಲೆ ರೊಟ್ಟಿಯ ಹಂಚನ್ನು ಬೋರಲು ಇಟ್ಟುಕೊಂಡು, ಅದರ ಮೇಲೆ ಗುರ್ಜಿ ಎಂಬ ಸಗಣಿಯ ಬೊಂಬೆಯನ್ನು ಕೂಡಿಸಿ, ಮಳೆ ಬೇಡುತ್ತ ಮನೆಮನೆಗೆ ಹೋಗುತ್ತಾನೆ. ಹೆಂಗಸರು ಅವನ ತಲೆಯ ಮೇಲೆ ಕೊಡದಿಂದ ನೀರು ಸುರಿಯುತ್ತಾರೆ. ಅವನು ನಿಂತಲ್ಲೇ ಗಿರಗಿರ ತಿರುಗುತ್ತಾನೆ, ನೀರು ಸುತ್ತಲೂ ಸಿಡಿಯುತ್ತದೆ. ಆಮೇಲೆ ಜೋಳ ನೀಡಿ ಕಳಿಸುತ್ತಾರೆ. ಆ ವಾರ ಮುದ್ದೇಬಿಹಾಳದಲ್ಲಿ ಗುರ್ಜಿ ಹೊರಟಿತ್ತು. ಇದು ನನಗೆ ಗೊತ್ತಿರಲಿಲ್ಲ. ಚಪ್ಪಟೆ ತಲೆಯ, ಬರಿಗಾಲಿನ, ಬಿಸಿಲಿಗೆ ಹೊಳೆಯುವ ಪ್ರಾಣಿಯೊಂದು ತನ್ನ ಓಣಿಗೆ ಓಡಿ ಬಂದದ್ದನ್ನು ಕಟ್ಟೆಯ ಮೇಲಿಂದ ಶಿವಗಂಗವ್ವ ಎಂಬ ಮುದುಕಿ ನೋಡಿದಳು. ಅವಳ ಕಣ್ಣು ಮಂದ, ಕೈ ಚುರುಕು.

"ಬಂತ ನೋಡ್ರಿ ಗುರ್ಜಿ! ಈ ವರ್ಷ ಮಳಿ ಹೋದ ಮ್ಯಾಲೇನ ಗುರ್ಜಿ ತರೂದು, ಎಷ್ಟ ತಡಾ ಮಾಡಿದ್ರಿ!" ಎಂದವಳೇ ತುಂಬಿದ ಕೊಡ ಎತ್ತಿ ನನ್ನ ತಲೆಯ ಮೇಲೆ ಸುರಿದಳು.

ಇಲ್ಲಿ ಮೈಬೂಬಸಾಬರ ಕೈಚಳಕವನ್ನು ಹೊಗಳಲೇಬೇಕು. ನೀರು ಕೊರಳಿನ ಸಂದಿಯಿಂದ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಒಂದು ಹನಿಯೂ ಬರಲಿಲ್ಲ. ಮಣಿಕಟ್ಟಿನ ಬಳೆ, ಸೊಂಟದ ಪಟ್ಟಿ, ಇಸ್ತ್ರಿಯ ಬೆಸುಗೆ ಎಲ್ಲವೂ ಗಟ್ಟಿ. ನಾನು ಹೊಟ್ಟೆಯ ಸುತ್ತ ಒಂದು ಕೊಡ ನೀರು ಹೊತ್ತು ನಿಂತೆ. ಕೈ ಎತ್ತಿದರೆ ತೋಳಿನೊಳಗೆ ನೀರು ಬಗಲಿನ ತನಕ ಗುಳುಗುಳು ಹರಿಯುತ್ತಿತ್ತು.

"ತಿರಗೋ ಯಪ್ಪಾ, ತಿರಗು! ನಿಂತಿದ್ದ್ಯಾಕ?"

"ಯವ್ವಾ, ನಾ ಗುರ್ಜಿ ಅಲ್ರಿ! ನಾ ಎಂ.ಎ.!"

"ಯಾರರ ಆಗು, ತಿರಗು!"

ತಿರುಗದೆ ಓಡಿದೆ. ಮುಂದಿನ ಮನೆಯ ಬಾಗಿಲಲ್ಲೂ ಕೊಡ ಕಾಣಿಸಿತು. ಅದರ ಮುಂದಿನ ಮನೆಯಲ್ಲೂ ಕಾಣಿಸಿತು. ಅಂದು ನಾನು ಓಡಿದ ವೇಗ ನನ್ನದಲ್ಲ. ಮಾಮಾ ಗಡಿಯಾರ ನೋಡಿ, ಮತ್ತೆ ನೋಡಿ, ಕಿವಿಗಿಟ್ಟು ಕೇಳಿ, "ಪಾಸ! ಲೇ, ಪಾಸ ಆದೆಲ್ಲೋ!" ಎಂದ.

ಆ ಸಂಜೆ ಮಳೆ ಬಂತು. ದೊಡ್ಡದೇನಲ್ಲ. ಓಣಿಯ ಒಂದು ಮಗ್ಗುಲಿಗೆ ಮಾತ್ರ ಬಂತು, ಅದೂ ಶಿವಗಂಗವ್ವನ ಮನೆಯ ಮಗ್ಗುಲಿಗೆ ಬಂತೆಂದು ನೆನಪು. ಮಗ್ಗುಲಿನ ವಿಷಯ ನಾನೇ ಆಮೇಲೆ ಸೇರಿಸಿರಬಹುದು. ಮರುದಿನ ಓಣಿಯ ಹೆಂಗಸರೆಲ್ಲ ಅಕ್ಕನ ಮನೆಗೆ ಬಂದರು. ನಾನು ಅವರಿಗೆ ಕಾರ್ಯಕಾರಣದ ಪಾಠ ಹೇಳಿದೆ. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂದೆ. ಶಿವಗಂಗವ್ವ ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿದಳು.

"ಹಂಗಾದ್ರ ಒಂದ ಕೆಲಸ ಮಾಡು. ನಾಳಿ ಓಡಬ್ಯಾಡ, ಮನ್ಯಾಗ ಒಣಾ ಕುಂದ್ರು. ಮಳಿ ಬರತೈತೇನ ನೋಡೂಣು. ನಾಡದ ಓಡು, ನಾವು ನೀರ ಹಾಕ್ತೇವಿ. ಬರತೈತೇನ ನೋಡೂಣು. ಆಗ ಯಾರ ಮಾತ ಖರೇ ಅನ್ನೂದು ಗೊತ್ತಾಗತೈತಿ."

ಎರಡು ವರ್ಷ ಧಾರವಾಡದಲ್ಲಿ ನನಗೆ ಹೊಳೆಯದ ಪ್ರಯೋಗ ಅದು. ಒಪ್ಪದೆ ದಾರಿಯಿರಲಿಲ್ಲ. ನಾನು ಒಣಗಿ ಕುಳಿತ ದಿನ ಮಳೆ ಬರಲಿಲ್ಲ. ಅದರ ಮರುದಿನ ಐದು ಕೊಡ ಹಾಕಿಸಿಕೊಂಡು ಓಡಿದೆ. ಮೋಡ ಬಂತು, ಗುಡುಗು ಬಂತು, ನಾಲ್ಕು ಹನಿಯೂ ಬಿದ್ದವು. ಮಾಮಾ ಮುಂಜಾನೆ ಮಳೆಮಾಪಕ ನೋಡಿ, "ಅಳತಿಗೆ ಸಿಗುವಷ್ಟಿಲ್ಲ" ಎಂದು ಷರಾ ಬರೆದ. "ಅಳತಿಗೆ ಸಿಗಲಿಲ್ಲ ಅಂದ್ರ ಬಂದಿಲ್ಲ ಅಂತೇನು?" ಎಂದಳು ಶಿವಗಂಗವ್ವ. ಪ್ರಯೋಗ ಮುಂದುವರಿಯಿತು. ಪರೀಕ್ಷೆಯ ತನಕ ದಿನಾ ಮುಂಜಾನೆ ನಾನು ಓಡುವುದು, ಬಾಗಿಲುಬಾಗಿಲಿಗೆ ಅವರು ಕೊಡ ಹಿಡಿದು ಕಾಯುವುದು. ದಿನದಿನಕ್ಕೆ ನನ್ನ ವೇಗ ಹೆಚ್ಚಿತು. ವಿಚಿತ್ರವೆಂದರೆ ದಮ್ಮು ಬರಲಿಲ್ಲ, ನೆಗಡಿ ಸಹ ಬರಲಿಲ್ಲ. "ಅವ್ವನ ಮುಂದ ಮಾತ್ರ ಹೇಳಬ್ಯಾಡವಾ" ಎಂದು ಅಕ್ಕನಿಂದ ಆಣೆ ಹಾಕಿಸಿಕೊಂಡಿದ್ದೆ.

ಆ ಸಲದ ಓಟ ಸಿಂದಗಿಯ ಒಂದು ಶಾಲೆಯ ಮೈದಾನದಲ್ಲಿ ನಡೆಯಿತು. ಸುಣ್ಣದ ಗೆರೆ ಎಳೆದಿದ್ದರು. ಐದು ಸುತ್ತು ಹಾಕಿದರೆ ಒಂದು ಮೈಲಿ. ನಾನು, ಅಕ್ಕ, ಮಾಮಾ ಮುದ್ದೇಬಿಹಾಳದಿಂದ ಬಂದೆವು. ಅವ್ವ ಬಾಗೇವಾಡಿಯಿಂದ ಕೊಡೆ, ಎರಡು ಟವೆಲ್ಲು, ಶುಂಠಿಯ ಕಷಾಯದ ಡಬ್ಬಿ, ಒಂದು ಕೌದಿ ಹೊತ್ತು ಬಂದಿದ್ದಳು. ಮುಗಿಲು ಬೆಳ್ಳಗೆ ಬೆಂದಿತ್ತು. ಮೋಡದ ಚೂರೂ ಇಲ್ಲ. ಆದರೂ ಅವ್ವ ನನ್ನ ಕೋಟಿನ ಸೊಂಟದ ಪಟ್ಟಿ ತಾನೇ ಬಿಗಿದಳು.

ಓಟ ನಡೆಸುವ ಸಾಹೇಬರು ನನ್ನನ್ನು ಕಂಡು ದಂಗಾದರು. "ಏನಪಾ ಇದು? ತೆಗಿ. ಎದಿ ಮ್ಯಾಲಿನ ನಂಬರ ಕಾಣಬೇಕು."

"ಕಾಣತೈತ್ರಿ ಸರ್, ಒಳಗಿಂದ."

ಅವರು ಬಗ್ಗಿ ನೋಡಿದರು. ಕಾಣುತ್ತಿತ್ತು. ನಿಯಮದಲ್ಲಿ ಗೊಬ್ಬರದ ಚೀಲದ ಬಗ್ಗೆ ಏನೂ ಇಲ್ಲದ್ದರಿಂದ ಓಡಲು ಬಿಟ್ಟರು.

ಓಡಿದೆ. ಮೊದಲ ಸುತ್ತು ಸರಿಹೋಯಿತು. ಎರಡನೆಯದರಲ್ಲಿ ಏನೋ ಕಡಿಮೆಯಾದಂತೆನಿಸಿತು. ಮೂರನೆಯದರಲ್ಲಿ ಏನೆಂದು ಗೊತ್ತಾಯಿತು. ಯಾರೂ ಬೆನ್ನು ಹತ್ತಿರಲಿಲ್ಲ, ಯಾವ ಬಾಗಿಲಲ್ಲೂ ಕೊಡ ಹಿಡಿದು ಕಾಯುವವರಿರಲಿಲ್ಲ. ಮೈದಾನ ಸುತ್ತಲೂ ಒಣಗಿ ನಿಂತಿತ್ತು. ನನ್ನ ಕಾಲಿಗೆ ಓಡಲು ಕಾರಣವೇ ಸಿಗಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಒಬ್ಬೊಬ್ಬರೇ ನನ್ನನ್ನು ದಾಟಿ ಹೋದರು. ಗಡಿಯಾರ ಹಿಡಿದ ಮಾಮಾ ತಲೆ ಕೆಳಗೆ ಹಾಕಿದ್ದನ್ನು ಕಂಡೆ. ಅವ್ವನ ಹಿಟ್ಟು ಮೆತ್ತಿದ ಕೈ ಕಣ್ಣ ಮುಂದೆ ಬಂತು. ಆ ಕೈಗಾಗಿಯಾದರೂ ಓಡು ಎಂದು ಕಾಲಿಗೆ ಹೇಳಿದೆ. ಕಾಲು ಭಾವುಕವಾಗಿರಲಿಲ್ಲ.

ಮುಂದಿನದು ಅಕ್ಕ ನನಗೆ ಆ ವಾರ ಹೇಳಿದ್ದು. ಆಮೇಲೆ ಅವಳು ಮಾತು ತಿರುಗಿಸಿದಳು, ಅದು ಬೇರೆ. ಮಾಮಾ, "ಹೋತು. ಹಿಂದ ಬಿದ್ದ" ಎಂದನಂತೆ. ಆಗ ಅಕ್ಕ ಆಣೆ ಮುರಿದು, "ಅವ್ವಾ, ಅಂವಗ ನೀರ ಹಾಕವ್ರು ಬೆನ್ನ ಹತ್ತಿದ್ರ ಅಷ್ಟ ಓಡತಾನ. ಮುದ್ದೇಬಿಹಾಳದಾಗ ದಿನಾ ಐದೈದು ಕೊಡ ಹಾಕಿಸ್ಕೊಂಡಾನ" ಎಂದಳಂತೆ. ಅವ್ವ ಅಕ್ಕನನ್ನು ಬಯ್ಯಲಿಲ್ಲ. "ದಮ್ಮ ಬಂದಿಲ್ಲೇನ?" ಎಂದು ಒಂದೇ ಮಾತು ಕೇಳಿದಳು. ಇಲ್ಲ ಎಂದು ಅಕ್ಕ ತಲೆಯಾಡಿಸಿದಳು. ಬೇವಿನ ಮರದ ಕೆಳಗೆ ಓಡುವವರಿಗೆ ಕುಡಿಯಲೆಂದು ತುಂಬಿಟ್ಟ ಎರಡು ಕೊಡಗಳಿದ್ದವು.

ಕೊನೆಯ ಸುತ್ತಿನ ತಿರುವಿನಲ್ಲಿ ನೀರು ಬಂತು. ಎಡಗಡೆಯಿಂದ, ತಣ್ಣಗೆ, ಒಮ್ಮೆಲೇ. ಕೊರಳಿನಿಂದ ಇಳಿದು ಹೊಟ್ಟೆಯ ಸುತ್ತ ನಿಂತಿತು. ಹಿಂದೆ ತಿರುಗಿ ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡನೆಯ ಕೊಡ ಬಗಲಲ್ಲಿಟ್ಟುಕೊಂಡು ನಮ್ಮವ್ವ ಓಡಿ ಬರುತ್ತಿದ್ದಳು. ನನಗೆ ಹಾಗೆ ಕಂಡಿತು.

ಕಾಲಿಗೆ ಕಾರಣ ಸಿಕ್ಕಿತು.

"ಏ ತಾಯಿ! ಗೆರಿ ಒಳಗ ಬರಬ್ಯಾಡ್ರಿ! ಯಾರ್ರೀ ಅದು?" ಎಂದು ಸಾಹೇಬರು ಕೂಗಿದ್ದು ಕೇಳಿಸಿತು. ಮಾಮಾ ಎಂದೂ ಸುಳ್ಳು ಹೇಳದವನು, ಸೊನ್ನೆಯನ್ನೂ ಸ್ನಾನ ಮಾಡಿ ಬರೆಯುವವನು. ಅವನ ದನಿಯೂ ಕೇಳಿಸಿತು: "ಗುರ್ಜೀರಿ ಸಾಹೇಬ್ರ! ಮಳಿ ಇಲ್ಲಲ್ಲರೀ!"

ಸಾಹೇಬರು ನಮ್ಮ ಕಡೆಯವರೇ ಇರಬೇಕು. "ಗುರ್ಜಿ ಆದ್ರ ಹಾಕಲಿ ಬಿಡ್ರಿ. ನಮ್ಮ ಹೊಲಾನೂ ಒಣಗೇತ್ರಿ" ಎಂದರು.

ಹೊಟ್ಟೆಯ ಸುತ್ತ ಕೊಡದಷ್ಟು ನೀರು ಕುಲುಕಿಸುತ್ತ, ನನ್ನನ್ನು ದಾಟಿದವರನ್ನೆಲ್ಲ ದಾಟಿ, ಗೆರೆ ಮುಟ್ಟಿ ಬಿದ್ದೆ. ನಾಲ್ಕು ಸೆಕೆಂಡು ಉಳಿದಿತ್ತೆಂದು ಮಾಮಾ ಹೇಳಿದ. ಅವ್ವ ಸೊಂಟದ ಪಟ್ಟಿ ಬಿಚ್ಚಿದಾಗ ನೀರು ದಬದಬ ಸುರಿಯಿತು. ಅವಳ ಸೀರೆಯ ನೆರಿಗೆಯೂ ತೊಯ್ದಿತ್ತು.

"ಅವ್ವಾ, ನೀರ ಹಾಕಿದವಳು ನೀನೇ ಅಲ್ಲೇನ?"

ಅವ್ವ ನನ್ನ ತಲೆಯನ್ನು ಟವೆಲ್ಲಿನಲ್ಲಿ ಮುಚ್ಚಿ ಗಸಗಸ ಒರೆಸಿದಳು. ಹಾಗಾಗಿ ಆ ಮಾತು ಹೇಳುವಾಗ ಅವಳ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ. "ಹುಚ್ಚ ಏನ ನೀ? ಹಡದಾಕಿ ಮಗನ ಮ್ಯಾಲ ತಣ್ಣೀರ ಹಾಕ್ತಾಳೇನ? ಮಳಿ ಬಂತಲ್ಲ, ಒಂದ ಅಡ್ಡಮಳಿ. ಕಷಾಯ ಕುಡಿ."

"ಒಂದ ಕೊಡದಷ್ಟ ಮಳಿ ಬರತೈತೇನ?"

"ನಮ್ಮ ಸೀಮಿ ಮಳಿ ಅಂದ್ರ ಅಷ್ಟ."

ನಾನು ಫೌಜದಾರನಾದೆ. ಅವ್ವ ಖಾನಾವಳಿಗೆ ರೊಟ್ಟಿ ಕೊಡುವುದನ್ನು ಬಿಟ್ಟಳು. ಮಳೆಯ ಮಾತನ್ನು ಮಾತ್ರ ಬಿಡಲಿಲ್ಲ. ಸೊಸೆಗೆ ಹೇಳಿದಳು, ಮೊಮ್ಮಕ್ಕಳಿಗೆ ಹೇಳಿದಳು. "ನಿಮ್ಮಪ್ಪನ ಓಟದ ದಿವಸ ಎಂಥಾ ಮಳಿ ಬಂದಿತ್ತು ಅಂತೀರಿ!" ಎಂದು ವರ್ಷವರ್ಷವೂ ಹೇಳಿ ಅದನ್ನು ದೊಡ್ಡ ಮಳೆ ಮಾಡಿದಳು. ಅಕ್ಕನೂ ಕೊನೆಗೆ ಅವಳ ಪಕ್ಷ ಸೇರಿ, "ಹೌದಪಾ, ಮಳಿನ ಬಂದಿತ್ತು" ಎಂದಳು. ಕೋಟನ್ನು ಕೇಳೋಣವೆಂದರೆ ಅವ್ವ ಅದನ್ನು ಕತ್ತರಿಸಿ ಉಪ್ಪಿನಕಾಯಿ ಭರಣಿಗಳ ಬಾಯಿಗೆ ಕಟ್ಟಿದ್ದಳು. ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಬರೆದುಕೊಂಡವನು ನಾನು. ಎಲ್ಲ ಸಾಕ್ಷಿಗಳೂ ಒಂದೇ ಮಾತು ಹೇಳಿ, ಒಬ್ಬನು ಮಾತ್ರ ಬೇರೆ ಹೇಳಿದರೆ, ಆ ಒಬ್ಬನಿಗೆ ಚಹಾ ಕುಡಿಸಿ ಮನೆಗೆ ಕಳಿಸುತ್ತಿದ್ದೆ. ಅವ್ವ ಹೋಗುವ ಹೊತ್ತಿಗೆ ನಾನೂ ಅರ್ಧ ನಂಬಿದ್ದೆ.

ಅಂಗಡಿಯಲ್ಲಿ ನೀಲಿ ಜಾಕೆಟ್ ಕೊಳ್ಳಲಿಲ್ಲ. ಬದಲು ಮರುವಾರ ಸಿಂದಗಿಗೆ ಹೋದೆ. ಹಳೆಯ ಪರಿಚಯದವರೊಬ್ಬರು ಅಲ್ಲಿನ ತಾಲೂಕು ಕಚೇರಿಯ ದಾಖಲೆ ಕೋಣೆ ತೆರೆಸಿಕೊಟ್ಟರು. ಮಾಮಾನಂಥ ಯಾರೋ ಒಬ್ಬ ಗುಮಾಸ್ತ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟ ಆ ವರ್ಷದ ಮಳೆಯ ರಜಿಸ್ಟರು ಸಿಕ್ಕಿತು. ಓಟದ ದಿನದ ಸಾಲಿನಲ್ಲಿ ಸೊನ್ನೆ ಇತ್ತು. ಅಷ್ಟಕ್ಕೇ ನಂಬುವ ಹಾಗಿರಲಿಲ್ಲ. ಒಂದು ದಿನ ಬಿದ್ದ ಮಳೆಯನ್ನು ಅಳೆದು ಬರೆಯುವುದು ಮರುದಿನ ಮುಂಜಾನೆ, ಮಾಮಾ ಕಲಿಸಿದ್ದು. ಬೆರಳನ್ನು ಒಂದು ಸಾಲು ಕೆಳಗಿಳಿಸಿದೆ.

ಅಲ್ಲಿಯೂ ಸೊನ್ನೆಯೇ ಇತ್ತು. ಆ ದಿನ ಸಿಂದಗಿಯಲ್ಲಿ ಮಳೆ ಬಂದಿರಲಿಲ್ಲ.